ಐಸ್ ಟ್ರೇಗೆ ಅನುಮತಿ ದೊರೆತ ಬಗೆ

ಐಸು ಕಚೇರಿಯ ವೇಳೆಯಲ್ಲಿ ಕರಗುತ್ತದೆಂಬ ಸಂಗತಿ ಗೃಹೋಪಕರಣ ಪರೀಕ್ಷಾ ಇಲಾಖೆಯ ಗಮನಕ್ಕೆ ಅಧಿಕೃತವಾಗಿ ಬಂದಿರಲಿಲ್ಲ. ಆದ್ದರಿಂದ ಇಲಾಖೆಯದು ತಪ್ಪೆಂದು ಹೇಳುವ ಪ್ರಶ್ನೆಯೇ ಏಳುವುದಿಲ್ಲ.

ಕಾರ್ಖಾನೆ ಯಜಮಾನರು ಮಾಡಿದ್ದು ಬಹಳ ಸರಳವಾದ ಟ್ರೇ. ಹದಿನಾಲ್ಕು ಗುಳಿ, ಗುಳಿಯ ಬಾಯಿ ತಳಕ್ಕಿಂತ ಒಂದು ಕೂದಲೆಳೆ ಅಗಲ. ಒಮ್ಮೆ ತಿರುಚಿದರೆ ಐಸು ಪಟಪಟನೆ ಉದುರಬೇಕು. ಸಿಂಕಿಗೆ ಬಡಿಯುವುದಾಗಲಿ ಗಂಡನನ್ನು ಕೂಗಿ ಕರೆಯುವುದಾಗಲಿ ಬೇಕಾಗಬಾರದು. ಅಂಥ ಆರು ಸಾವಿರ ಟ್ರೇಗಳು ಗೋದಾಮಿನಲ್ಲಿ ಗೋಡೆಗೊರಗಿ ಕೂತಿದ್ದವು. ಇಲಾಖೆಯ ಮುದ್ರೆ ಬೀಳದೆ ಅಂಗಡಿಯವರು ಮುಟ್ಟರು. ಬೇಸಿಗೆಯೋ ಯಾರ ಮುದ್ರೆಗೂ ಕಾಯುವ ಪೈಕಿಯಲ್ಲ. ಅದು ಕಳೆದರೆ ಕಾರ್ಖಾನೆಗೆ ಬೀಗವೇ ಗತಿ.

ನಿಯಮ ಒಂಬತ್ತರಂತೆ ಉಪಕರಣವನ್ನು ಅದರ ಉತ್ಪನ್ನದ ಸಮೇತ ಸಲ್ಲಿಸಬೇಕು. ಉತ್ಪನ್ನವು ಮೊದಲನೆಯ ಮೇಜಿನಲ್ಲಿದ್ದ ರೂಪದಲ್ಲೇ ಏಳನೆಯ ಮೇಜು ತಲುಪಬೇಕು. ಯಜಮಾನರು ಐಸು ತುಂಬಿದ ಟ್ರೇಯನ್ನು ಬೆಳಿಗ್ಗೆ ಹತ್ತಕ್ಕೆ ಸಲ್ಲಿಸಿದರು. ಮಧ್ಯಾಹ್ನ ಮೂರನೆಯ ಮೇಜಿನ ಗುಮಾಸ್ತರು ಒಳಗೆ ಇಣುಕಿದರು.

"ಏನ್ರೀ ಇದು, ನೀರು?"

"ಬೆಳಿಗ್ಗೆ ಐಸಾಗಿತ್ತು ಸಾರ್."

"ಬೆಳಿಗ್ಗೆ ನಾನೂ ಹುರುಪಾಗೇ ಇದ್ದೆ. ಅದನ್ನೆಲ್ಲ ಕಡತದಲ್ಲಿ ಬರೆಯೋಕಾಗುತ್ತಾ?"

ಕಡತದಲ್ಲಿ ಹೀಗೆ ಬರೆದರು: 'ಅರ್ಜಿದಾರರು ಐಸು ಎಂದು ನಮೂದಿಸಿ ನೀರನ್ನು ಸಲ್ಲಿಸಿರುತ್ತಾರೆ. ಐಸು ಕರಗಿತೆಂಬ ವಾದವಿದ್ದಲ್ಲಿ ಕಣ್ಣಾರೆ ಕಂಡವರ ಸಹಿ ಒದಗಿಸತಕ್ಕದ್ದು.' ಕರಗುವಷ್ಟು ಹೊತ್ತು ಕಡತ ತಮ್ಮ ಮುಂದೆಯೇ ಬಿದ್ದಿತ್ತೆಂದು ಸಹಿ ಹಾಕಲು ಯಾವ ಗುಮಾಸ್ತರೂ ಮುಂದೆ ಬರಲಿಲ್ಲ.

"ಅಲ್ಲಿ ಮೂಲೇಲಿ ಫ್ರಿಜ್ ಇದೆಯಲ್ಲ ಸಾರ್, ಅದರೊಳಗೆ ಇಡಬಹುದಿತ್ತು."

"ಅದು ಪರೀಕ್ಷೆಗೆ ಬಂದಿರೋ ಮಾಲು. ಪಾಸಾಗೋವರೆಗೂ ತಣ್ಣಗಾಗೋ ಹಾಗಿಲ್ಲ."

ಯಜಮಾನರು ನಾಲ್ಕು ಸಲ ಐಸು ಒಯ್ದರು, ನಾಲ್ಕು ಸಲ ನೀರು ತಂದರು. ಕಾರ್ಖಾನೆಯ ಮಾರಾಟ ನೋಡಿಕೊಳ್ಳುತ್ತಿದ್ದ ಅತ್ತಿಗೆಗೆ ತಾಳ್ಮೆ ಕೆಟ್ಟಿತು.

"ಅಲ್ಲಪ್ಪಾ, ಗಿರಾಕಿ ಕೇಳಿದ್ದನ್ನ ಕೊಡೋನು ವ್ಯಾಪಾರಿ. ಅವರು ಕೇಳ್ತಿರೋದು ಕರಗದ ಐಸು. ನೀನು ಹೋಗಿ ಕರಗೋದನ್ನ ಕೊಟ್ಟು ಪಾಠ ಹೇಳ್ತಿದ್ದೀಯ."

"ಕರಗದ ಐಸು ಎಲ್ಲಿಂದ ತರ್ಲಿ ಅತ್ತಿಗೆ?"

"ಪಕ್ಕದ ಕನ್ನಡಿ ಅಂಗಡಿಯಿಂದ."

ಗಾಜಿನ ಹದಿನಾಲ್ಕು ತುಂಡುಗಳನ್ನು ಉಜ್ಜಿ, ಗುಳಿಗೆ ಕೂರಿಸಿ ಸಲ್ಲಿಸಲಾಯಿತು. ಹದಿಮೂರನೆಯ ದಿನ ಅವು ಹನಿಯೂ ಕಡಿಮೆಯಾಗದೆ ಏಳನೆಯ ಮೇಜು ತಲುಪಿದವು. ಪರೀಕ್ಷಾಧಿಕಾರಿಗಳು ಒಂದನ್ನೆತ್ತಿ ಮೇಜಿಗೆ ಕುಟ್ಟಿದರು.

"ಇದು ಐಸು ಅಂದ್ರೆ! ಇಷ್ಟು ವರ್ಷ ಬಂದವರೆಲ್ಲ ನೀರು ಹಿಡ್ಕೊಂಡು ಬಂದು ಐಸು ಅಂತಿದ್ರು."

"ಆದ್ರೆ ತಣ್ಣಗಿಲ್ಲ ಸಾರ್," ಎಂದು ಯಜಮಾನರ ಬಾಯಿಂದ ಜಾರಿತು. ಜೊತೆಗೆ ಬಂದಿದ್ದ ಅತ್ತಿಗೆ ಅವರ ಕಾಲು ತುಳಿದರು.

"ತಣ್ಣಗಿರಬೇಕು ಅಂತ ಯಾವ ನಿಯಮದಲ್ಲಿದೆ, ತೋರಿಸ್ರಿ ನೋಡೋಣ."

ಮುದ್ರೆ ಬಿತ್ತು. ಮರುವಾರ ಪ್ರಕಟಣೆ ಹೊರಟಿತು: 'ಐಸು ಎಂದರೆ ಹದಿಮೂರು ದಿನಗಳಿಗೆ ಕಡಿಮೆಯಿಲ್ಲದಂತೆ ಕರಗದೆ ಉಳಿಯುವ ಪಾರದರ್ಶಕ ಘನವಸ್ತು. ಅನುಮತಿ ಪಡೆದ ಟ್ರೇಗಳಲ್ಲಿ ನೀರು ತುಂಬುವುದನ್ನು ನಿಷೇಧಿಸಿದೆ. ಕರಗುವ ಐಸು ಕಂಡುಬಂದಲ್ಲಿ ಸಾರ್ವಜನಿಕರು ಅದು ಕರಗುವ ಮುನ್ನವೇ ದೂರು ನೀಡತಕ್ಕದ್ದು.'

ಆರು ಸಾವಿರ ಟ್ರೇಗಳೂ ಗಾಜಿನ ಸಮೇತ ಹತ್ತೇ ದಿನದಲ್ಲಿ ಖಾಲಿಯಾದವು. ಮತ್ತೆ ಮತ್ತೆ ತುಂಬಿಸುವ ಗೋಳಿಲ್ಲವೆಂದು ಮನೆಯವರು ಮೆಚ್ಚಿದರು. ಹಲ್ಲಿನ ವೈದ್ಯರು ಇನ್ನೂ ಹೆಚ್ಚು ಮೆಚ್ಚಿದರು.

ಮರುವರ್ಷ ಸುಡುಬೇಸಿಗೆಯಲ್ಲಿ ಯಜಮಾನರೂ ಅತ್ತಿಗೆಯೂ ಅನುಮತಿಯ ನವೀಕರಣಕ್ಕೆ ಹೋದಾಗ ಪರೀಕ್ಷಾಧಿಕಾರಿಗಳು ಎಲ್ಲರಿಗೂ ಹಣ್ಣಿನ ರಸ ತರಿಸಿದರು. ಬೆಚ್ಚನೆಯ ರಸ, ಲೋಟಕ್ಕೆ ಎರಡು ಗಾಜು.

"ಹೇಗಿದೆ?" ಎಂದರು, ಪೆನ್ನು ತೆರೆಯದೆ.

ಯಜಮಾನರು ಹಣೆಯ ಬೆವರೊರೆಸಿಕೊಂಡು ಕಡತದತ್ತ ನೋಡಿದರು. "ಹಲ್ಲು ಜುಮ್ಮೆನ್ನುತ್ತೆ ಸಾರ್."

ಪೆನ್ನು ತೆರೆಯಿತು.

"ಅಭ್ಯಂತರವಿಲ್ಲದಿದ್ರೆ ಫ್ಯಾನ್ ಸ್ವಲ್ಪ ಆರಿಸ್ತೀರಾ?" ಎಂದರು ಅತ್ತಿಗೆ. "ಚಳಿ."

ಗುಮಾಸ್ತರು ಎದ್ದು ಹೋಗಿ ಫ್ಯಾನ್ ಆರಿಸಿದರು. ಬರುವಾಗ ಕಿಟಕಿಗಳನ್ನೂ ಮುಚ್ಚಿದರು.