ಎರಡು ಗಂಟೆಯ ಭೋಂಗಾ

ಸ್ವಲ್ಪ ಹತ್ತರ ಸರೀರಿ. ಇದನ್ನ ಜೋರಾಗಿ ಓದಬ್ಯಾಡ್ರಿ, ಮನಸಿನಾಗ ಓದ್ರಿ. ಯಾರ ಮುಂದೂ ಬಾಯಿ ಬಿಡೂದಿಲ್ಲಂತ ಮಕ್ಕಳ ಆಣಿ ಮಾಡಿದ್ರ ಮುಂದ ಹೇಳ್ತೀನಿ. ನಾ ಎರಡನೇ ಇಯತ್ತೆ ತನಕ ಸಾಲಿ ಕಲ್ತಾಕಿ, ಆದ್ರ ಕಣ್ಣು ಎರಡೂ ಛಲೋ ಅದಾವು. ನಾ ಎಲ್ಲಿ ನಿಂತ್ರೂ ಅಲ್ಲೇ ಏನರೆ ನಡೀತೈತಿ, ಅದು ನನ್ನ ತಪ್ಪಲ್ಲ.

ಹೈದರಾಬಾದಿನಿಂದ ಬಸ್ಸಿನಾಗ ಎರಡು ತಾಸಿನ ಹಾದಿಗೆ ಒಂದು ಹಳ್ಳಿ. ಬೇಗಂ ಬಜಾರದ ಶೇಟಜಿ ಒಬ್ಬರು ಅಲ್ಲಿ ಹತ್ತಿ ಮಿಲ್ಲು ಕಟ್ಟಿಸಿ, ಕೆಲಸಕ್ಕ ನಮ್ಮ ರಾಯಚೂರು ಕಡೆ ಮಂದೀನ್ನ ಕರಕೊಂಡು ಬಂದ್ರು. ಈಗ ಮಿಲ್ಲು ಇಲ್ಲ, ಆ ಜಾಗಾದಾಗ ಫಂಕ್ಷನ್ ಹಾಲ್ ಐತಿ. ಪಾಳಿ ಬದಲಾಗೂ ಹೊತ್ತಿಗೆ ಭೋಂಗಾ, ಅಂದ್ರ ಮಿಲ್ಲಿನ ಸೈರನ್, ಒದರಸೂದು ನಮ್ಮ ಯಜಮಾನ್ರ ಕೆಲಸ ಇತ್ತು. ಅವರೂ ಈಗ ಫೋಟೋದಾಗ ಅದಾರ. ಸತ್ತ ಭೋಂಗಾದ ಸುದ್ದಿ ಈಗ ಯಾಕ ಅಂತೀರಿ? ನಮ್ಮ ಬಾಜೂ ಮನಿ ಹುಡುಗಿ ಲಗ್ನ ಅದರಾಗ ಸಿಕ್ಕೊಂಡೈತಿ. ತಡೀರಿ, ಮೊದಲಿಂದ ಹೇಳ್ತೀನಿ.

ಎಮ್ಮಿ ಹಟ

ಮಿಲ್ಲು ಶುರು ಆದ ದಿನ ಮುಂಜಾನೆ ಆರಕ್ಕ ಭೋಂಗಾ ಒದರಿತು. ಹಳ್ಳಿ ಮಂದಿ ಕೂಸು ಎತ್ತಿಕೊಂಡು ಹೊಲಕ್ಕ ಓಡಿದ್ರು. ಹಾಲಿನಾಕಿ ಎಮ್ಮಿ ನಾಕು ದಿನ ಹಾಲು ಕೊಡಲಿಲ್ಲ. ಆಮ್ಯಾಲೆ ಏನಾತು, ಎಮ್ಮಿಗೆ ಅದೇ ರೂಢಿ ಆತು. ಭೋಂಗಾ ಕೇಳಿದ್ರನೇ ಹಾಲು ಇಳಸೂದು, ಇಲ್ಲಾಂದ್ರ ಒದಿಯೂದು.

ಸೂಟಿ ದಿನ ರವಿವಾರ. ಹಾಲಿನಾಕಿ ನಮ್ಮ ಬಾಗಲಕ್ಕ ಬಂದು ಯಜಮಾನ್ರಿಗೆ, ‘ಅನ್ನಾ, ಒಕ್ಕಸಾರಿ ಊದು ಅನ್ನಾ’, ಒಂದೇ ಸಲ ಊದು ಅಂತ ತೆಲುಗಿನಾಗ ಅತ್ಲು. ಒಂದು ತಂಬಿಗಿ ಹಾಲು ಕೊಡ್ತೀನಂದ್ಲು. ಇವರ ಮನಸು ಕರಗಿತು, ಹೋಗಿ ಒದರಿಸಿದ್ರು. ಎಮ್ಮಿ ಹಾಲು ಕೊಡ್ತು. ಅದರ ಜೋಡಿ ಮೊದಲನೇ ಪಾಳಿಯ ಅಷ್ಟೂ ಮಂದಿ ಬುತ್ತಿ ಹಿಡಕೊಂಡು ಗೇಟಿಗೆ ಬಂದು ನಿಂತ್ರು. ಮ್ಯಾನೇಜರ್ ಲುಂಗಿ ಮ್ಯಾಲೆ ಓಡಿ ಬಂದು, ಯಾರು ಹೇಳಿದ್ರು ಅಂತ ಕೇಳಿದ.

‘ಎಮ್ಮಿ ಹೇಳಿತ್ರಿ’ ಅಂದ್ರು ನಮ್ಮ ಯಜಮಾನ್ರು.

ಬಡ್ತಿ

ಮಿಲ್ಲಿನ ಚಾಳು, ಅಂದ್ರ ಕೆಲಸಗಾರರ ಸಾಲುಮನಿ, ಅದರ ಹಿಂದಿನ ಸಾಲಿನಾಗ ಗಂಡ ಹೆಂಡ್ತಿ ಇದ್ರು. ಮಧ್ಯಾಹ್ನ ಎರಡರ ಭೋಂಗಾ ಆತಂದ್ರ ಗಂಡ ಮುಂದಿನ ಬಾಗಲದಿಂದ ಪಾಳಿಗೆ ಹೋಗಾಂವ. ಅಂವನ ಮ್ಯಾಲಿನ ಜಾಬರ್, ಅಂದ್ರ ಕೆಲಸ ಹಚ್ಚೂ ಹಿರ್ಯಾ, ಹಿಂದಿನ ಬಾಗಲದಿಂದ ಒಳಗ ಬರಾಂವ.

ಒಂದಿನ ಜಾಬರ್ ಹೊಸಾ ಕೈಗಡಿಯಾರ ನಂಬಿಕೊಂಡು ಬಂದ. ಭೋಂಗಾ ಇನ್ನೂ ಆಗಿರಲಿಲ್ಲ. ಒಳಗ ಗಂಡ ಕುಂತು ರೊಟ್ಟಿ ಮುರಿಯಾಕತ್ತಿದ್ದ. ಜಾಬರನ ಮಾರಿ ನೋಡಬೇಕಿತ್ತು ನೀವು.

‘ನೀ ಪಾಳಿಗೆ ಬರ್ತೀಯೋ ಇಲ್ಲೋ ಅಂತ ಕರೀಲಿಕ್ಕೆ ಬಂದೆ’ ಅಂದ.

ಗಂಡನ ಕಣ್ಣಾಗ ನೀರು ಬಂತು. ‘ಸಾಹೇಬರು ತಾವಾಗಿ ಬಂದಾರ, ತಾಟು ಹಾಕು’ ಅಂತ ಹೆಂಡ್ತಿಗೆ ಹೇಳಿದ. ಅಕಿ ಇಬ್ಬರಿಗೂ ಬಡಿಸಿದ್ಲು. ನಾ ಕಿಟಕಿ ಹತ್ರ ಅರ್ಧಾ ತಾಸು ನಿಂತು ನೋಡೀನಿ, ಸುಳ್ಳಲ್ಲ. ಅವತ್ತು ಭೋಂಗಾ ಯಾಕ ತಡ ಆತು ಅಂದ್ರ, ಮಿಲ್ಲಿನ ಗಡಿಯಾರ ಸರಿ ಇರಲಿಲ್ಲ. ಮ್ಯಾನೇಜರ್ ಉಂಡು ಮಲಗೂ ಹೊತ್ತು, ಕೇಳಾವರಿಲ್ಲ.

ಮುಂದಿನ ವಾರ ಗಂಡಗ ಬಡ್ತಿ ಸಿಕ್ತು. ರಾತ್ರಿ ಪಾಳಿಗೆ.

ಜಾತಕ

ಮಿಲ್ಲಿನ ಚಾಳಿನಾಗ ನಮ್ಮ ಬಾಜೂಕ ಇದ್ದಾಕಿ, ಈಗ ಹೈದರಾಬಾದಿನ ಮಲ್ಕಾಜ್‌ಗಿರಿಯೊಳಗೂ ಬಾಜೂಕನೇ ಅದಾಳ. ಅಕಿ ಮಗಳಿಗೆ ಮೂವತ್ತನಾಕು, ರೈಲ್ವೆದಾಗ ನೌಕರಿ, ಬಂಗಾರದಂಥಾ ಹುಡುಗಿ. ಲಗ್ನ ಮಾತ್ರ ಇಲ್ಲ. ಜಾತಕದಾಗ ಕುಜ ದೋಷ ಐತಂತ, ಗಂಡನ ಜೀವಕ್ಕ ಬರ್ತೈತಂತ. ಬಂದ ವರಗಳೆಲ್ಲ ಚಹಾ ಕುಡಿದು ಹೋದ್ರು. ಈಗ ಬಾಲಾನಗರದ ಹುಡುಗ ಒಬ್ಬ ಒಪ್ಯಾನ, ಅವರವ್ವ ಒಪ್ಪವಲ್ಲಳು. ಗುರುವಾರ ಕಡೀ ಮಾತು.

ಹುಡುಗಿ ಹುಟ್ಟಿದ್ದು ಎರಡರ ಭೋಂಗಾದ ಜೋಡಿ. ಸೂಲಗಿತ್ತಿ ಕೂಗಿ ಹೇಳಿದ್ಲು, ಜಾತಕ ಬರಿಯೂ ಆಚಾರ್ರು ಎರಡು ಗಂಟೆ ಅಂತ ಬರಕೊಂಡ್ರು. ನನಗ ಹೊಟ್ಯಾಗ ಇಟ್ಟಕೊಳ್ಳಾಕ ಆಗಲಿಲ್ಲ. ಮೊನ್ನೆ ಹುಡುಗಿ ಅವ್ವನ್ನ ಒಳಗ ಕರದು ಮೆಲ್ಲಗ ಹೇಳಿದೆ, ‘ನೀ ಹಡದ ದಿನಾನೂ ಭೋಂಗಾ ಆದದ್ದು ಎರಡೂವರಿಗೆವಾ. ಗಡಿಯಾರ ಕೆಟ್ಟಿತ್ತು.’

ಅಕಿ ಚಪ್ಪಲಿ ಸೈತ ಹಾಕ್ಕೊಳ್ಳಲಾರದ ಆಚಾರ್ರ ಕಡೆ ಓಡಿದ್ಲು. ಅವರು ಎರಡೂವರಿ ಹಿಡದು ಗುಣಿಸಿದ್ರು, ದೋಷ ಹೋತು. ನನ್ನ ಕಾಲಿಗೆ ಬೀಳ್ತಾಳಂತ ನಾ ಸೀರಿ ಸರಿ ಮಾಡಿಕೊಂಡು ಕುಂತಿದ್ದೆ. ಬಂದಳು, ಬಾಗಲದಾಗ ನಿಂತಳು, ನನ್ನ ಮಾರಿಗೇ ಅಂದಳು:

‘ಅಕ್ಕಾರ, ಗಡಿಯಾರದ ಮ್ಯಾಲೆ ಯಾಕ ಹಾಕ್ತೀರಿ? ಅವತ್ತು ಒಳಗ ಬ್ಯಾನಿ ತಿನ್ನಾಕತ್ತಿದ್ದೆ, ಕಿವಿ ಮುಚ್ಚಿರಲಿಲ್ಲ. ನಿಮ್ಮ ಯಜಮಾನ್ರು ನಮ್ಮ ಅಂಗಳದಾಗ ನಿಂತು, ಎರಡಾತು, ಮನಿ ಕೀಲಿ ಕೊಡು, ರೊಟ್ಟಿ ತಿಂದು ಹೋಗ್ತೀನಿ ಅಂತ ಗೋಗರದ್ರು. ಕೂಸು ಯಾರ ಹಂಗ ಐತಿ ನೋಡಿಕೊಂಡು ಬರ್ತೀನಿ ತಡೀರಿ ಅಂದ್ರಿ ನೀವು. ಕಾದು ಕಾದು ಅವರು ಉಪವಾಸನೇ ಹೋಗಿ ಎರಡೂವರಿಗೆ ಭೋಂಗಾ ಒದರಿಸಿದ್ರು. ಆ ಕೀಲಿ ನಿಮ್ಮ ಸೊಂಟದಾಗ ಅರ್ಧಾ ತಾಸು ಇತ್ತು, ನನ್ನ ಮಗಳು ಮನ್ಯಾಗ ಇಷ್ಟು ವರ್ಷ ಕುಂತಳು. ಗುರುವಾರ ಬಾಲಾನಗರಕ್ಕ ನಡೀರಿ. ಊರ ಮಂದಿ ಸುದ್ದಿ ಕರೀಲಾರದನೇ ಹೋಗಿ ಹೇಳೀರಿ. ನಿಮ್ಮ ಮನೀ ಸುದ್ದಿ ಒಂದು ಐತಿ, ನಾನೇ ಆಟೋದಾಗ ಕರಕೊಂಡು ಹೋಗ್ತೀನಿ, ಹುಡುಗನ ಅವ್ವಗ ಹೇಳಿ ಬರ್ರಿ.’