ಸಾಹೇಬರ ಟೇಬಲ್ಲೂ ನಮ್ಮ ಹೊಸ್ತಿಲೂ

ದೊಡ್ಡ ಕಾದಂಬರಿ ಬರೆಯದೆ ಇರುವುದಕ್ಕೆ ಪ್ರತಿಯೊಬ್ಬ ಲೇಖಕನ ಬಳಿಯೂ ಒಂದು ದೊಡ್ಡ ಕಾರಣ ಇರುತ್ತದೆ. ಕೆಲವರಿಗೆ ಹೆಂಡತಿ, ಕೆಲವರಿಗೆ ನೌಕರಿ, ಕೆಲವರಿಗೆ ಬೆನ್ನುನೋವು. ನನಗೆ ಈ ಮೂರೂ ಇವೆ. ಆದರೆ ದಿನಾ ಜೊತೆಗಿರುವವರನ್ನು ದೂರುವುದು ಒಳ್ಳೆಯದಲ್ಲವೆಂದು ನಾನು ಬ್ರಿಟಿಷರನ್ನು ದೂರುತ್ತ ಬಂದೆ. ಅವರು ತಿರುಗಿ ಮಾತಾಡುವುದಿಲ್ಲ. ನಾನು ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಈವರೆಗೆ ನಾನು ಬರೆದ ಯಾವ ಕಥೆಯೂ ನಾಲ್ಕು ಪುಟ ದಾಟಿಲ್ಲ. ಯಾಕೆ ದಾಟಿಲ್ಲ ಎಂದು ಯಾರಾದರೂ ಕೇಳಿದರೆ, "ಇನ್ನೂರು ವರ್ಷದ ಗುಲಾಮಗಿರಿ ನಮ್ಮ ಆತ್ಮವಿಶ್ವಾಸವನ್ನೇ ತಿಂದುಹಾಕಿತು ನೋಡ್ರಿ" ಎಂದು ನಿಟ್ಟುಸಿರು ಬಿಡುತ್ತಿದ್ದೆ. ಕೇಳಿದವರು ತಾವೇ ಏನೋ ತಪ್ಪು ಮಾಡಿದವರಂತೆ ಮಾತು ಬದಲಿಸುತ್ತಿದ್ದರು.

ನಮ್ಮದೊಂದು ಸಾಹಿತ್ಯ ಬಳಗ ಇದೆ. ರವಿವಾರ ಬೆಳಿಗ್ಗೆ ಗದಗಿನ ಒಂದು ಎಣ್ಣೆ ಅಂಗಡಿಯ ಮಾಳಿಗೆಯ ಮೇಲೆ ಸೇರುತ್ತೇವೆ. ಕೆಳಗಿನಿಂದ ಶೇಂಗಾ ಎಣ್ಣೆಯ ವಾಸನೆ ಬರುತ್ತಿರುವುದರಿಂದ ಎಂಥ ದುಃಖದ ಕವಿತೆ ಓದಿದರೂ ಕೇಳುವವರಿಗೆ ಹಸಿವೆಯಾಗುತ್ತದೆ. ಬಳಗದ ಅಧ್ಯಕ್ಷರು ಶಿವಪುತ್ರಪ್ಪ ಸರ್, ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರು. ಅವರದೊಂದು ಪದ್ಧತಿ ಇದೆ. ಬ್ರಿಟಿಷರನ್ನು ಬಯ್ಯುವಾಗ ಇಂಗ್ಲಿಷಿನಲ್ಲಿ ಬಯ್ಯುತ್ತಾರೆ, ಹೊಗಳುವಾಗ ಕನ್ನಡದಲ್ಲಿ ಹೊಗಳುತ್ತಾರೆ. ಹೀಗಾಗಿ ನಮ್ಮಲ್ಲಿ ಅರ್ಧ ಜನ ಅವರನ್ನು ಉಗ್ರ ರಾಷ್ಟ್ರವಾದಿ ಎಂದೂ ಉಳಿದರ್ಧ ಜನ ಆಂಗ್ಲರ ಭಕ್ತ ಎಂದೂ ತಿಳಿದಿದ್ದಾರೆ. ಒಂದು ರವಿವಾರ ಸರ್ ಕೈಯಲ್ಲಿ ಪೇಪರು ಹಿಡಿದು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. "ನಮ್ಮ ದೇಶ ಚಂದ್ರನ ಮ್ಯಾಲೆ ಇಳೀತು. ರೊಕ್ಕದಾಗ ಇಂಗ್ಲಂಡನ್ನ ಹಿಂದ ಹಾಕಿತು. ಇನ್ನ ಉಳದದ್ದು ಒಂದ ಒಂದು. ಇಡೀ ಜಗತ್ತು ಕುಂತು ಓದುವಂಥಾ ಒಂದು ಕಾದಂಬರಿ. ಅದು ನಮ್ಮ ಗದಗ ಜಿಲ್ಲಾದಿಂದ ಯಾಕ ಬರಬಾರದು?" ಎಂದು ಕೇಳಿ ನೇರವಾಗಿ ನನ್ನತ್ತ ನೋಡಿದರು. ನನ್ನ ತಲೆಯ ಹಿಂದೆ ಫ್ಯಾನಿನ ಸ್ವಿಚ್ಚಿತ್ತು, ಅದನ್ನೂ ನೋಡಿರಬಹುದು. ಆದರೆ ನನಗೆ ಮೈ ಝುಮ್ಮೆಂದಿತು. ಎದ್ದು ನಿಂತು, ಬಿಳಿ ಕಲೆಕ್ಟರನೊಬ್ಬನ ವಿರುದ್ಧ ಸೆಟೆದು ನಿಂತ ನಮ್ಮ ಸೀಮೆಯ ವೀರನ ಕಥೆಯನ್ನು ಬರೆಯುತ್ತೇನೆ, ಆರುನೂರು ಪುಟ, ಎಂದು ಘೋಷಿಸಿಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ಸರ್ ಹತ್ತಿರ ಬಂದು ಕಿವಿಯಲ್ಲಿ, "ಲಂಡನ್ನಿನವ್ರಿಗೂ ತಿಳಿಯೂಹಂಗ ಬರೀರಿ ಮಾಸ್ತರ" ಅಂದರು. ಬ್ರಿಟಿಷರ ವಿರುದ್ಧದ ಕಾದಂಬರಿ ಚೆನ್ನಾಗಿದೆ ಎಂದು ಬ್ರಿಟಿಷರೇ ಹೇಳಬೇಕು ಎಂಬುದು ಆ ಗಳಿಗೆಯಲ್ಲಿ ನನಗೆ ಒಂದಿಷ್ಟೂ ವಿಚಿತ್ರವೆನಿಸಲಿಲ್ಲ.

ಮನೆಗೆ ಹಾರಿಕೊಂಡೇ ಬಂದೆ. ನನ್ನ ಹೆಂಡತಿ ಗಿರಿಜಾ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಗಿರಿಜಾ, ದೇಶಕ್ಕಾಗಿ ಕಾದಂಬರಿ ಬರಿಯಾಕತ್ತೀನಿ" ಎಂದೆ. "ಬರೀರಿ. ಆದ್ರ ಹೊರಗ ಕಟ್ಟೀ ಮ್ಯಾಲೆ ಕುಂತು ಬರೀರಿ. ಇಲ್ಲಿ ಜ್ವಾಳ ಹರವೀನಿ" ಎಂದಳು. ಕಟ್ಟೆಯ ಮೇಲೆ ಕುಳಿತಾಗಲೇ ನನಗೆ ಆ ಮಹಾ ಸತ್ಯ ಹೊಳೆದದ್ದು. ನಾನು ಯಾವಾಗಲೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುವವನು. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತದೆ, ನಾಯಕನನ್ನು ಸಾಯಿಸಿ ಎದ್ದುಬಿಡುತ್ತೇನೆ. ನನ್ನ ಕಥೆಗಳಲ್ಲಿ ಅಷ್ಟೊಂದು ಸಾವುಗಳು ಯಾಕೆ ಎಂದು ವಿಮರ್ಶಕರೊಬ್ಬರು ಚಿಂತಿಸಿ ಬರೆದಿದ್ದರು, ಕಾರಣ ಇಷ್ಟೇ. ಇಂಗ್ಲಿಷರಿಗೆ ಟೇಬಲ್ಲಿತ್ತು. ಕಾಲು ಇಳಿಬಿಟ್ಟುಕೊಂಡು ಕೂತರು, ಕಾದಂಬರಿಗಳು ತಮ್ಮಷ್ಟಕ್ಕೆ ತಾವೇ ಉದ್ದವಾದವು. ಅವರು ಹೋಗುವಾಗ ನಮಗೆ ರೈಲು ಬಿಟ್ಟರು, ಕೋರ್ಟು ಬಿಟ್ಟರು, ಲೇಖಕರಿಗೆ ಟೇಬಲ್ ಮಾತ್ರ ಬಿಡಲಿಲ್ಲ.

ಈ ಸಿದ್ಧಾಂತವನ್ನು ಫೋನಿನಲ್ಲಿ ಖಾದರನಿಗೆ ಹೇಳಿದೆ. ಖಾದರ ನನ್ನ ಬಾಲ್ಯದ ಗೆಳೆಯ, ಲಕ್ಷ್ಮೇಶ್ವರದಲ್ಲಿ ಸಾಮಾನು ಸಾಗಿಸುವ ಟೆಂಪೊ ಇಟ್ಟಿದ್ದಾನೆ, ನಮ್ಮ ಬಳಗದ ಕವಿಯೂ ಹೌದು. ಒಂದು ವಾರವೂ ಆಗಿರಲಿಲ್ಲ, ಅವನದೇ ಫೋನು ಬಂತು. "ಲೇ ಮಾಸ್ತರ, ಜಲ್ದಿ ಬಾ! ನಮ್ಮೂರಾಗ ಹಳೇ ಸಾಮಾನಿನ ಅಂಗಡಿಗೆ ಸಾಹೇಬನ ಟೇಬಲ್ ಬಂದೈತಿ. ಮ್ಯಾಲೆ ಹಸರ ಬಟ್ಟಿ, ಹಿತ್ತಾಳಿ ಹಿಡಿಕಿ. ಅದರ ಮುಂದ ಕುಂತು ಬಿಳಿ ಕಲೆಕ್ಟರ ಅರ್ಧಾ ಜಿಲ್ಲಾ ಆಳ್ಯಾನಂತ!" ನಾನು ಚಪ್ಪಲಿ ಹುಡುಕತೊಡಗಿದೆ. ಗಿರಿಜಾ ಲಕ್ಷ್ಮೇಶ್ವರದ ಮಗಳು. ಸೊಂಟದ ಮೇಲೆ ಕೈ ಇಟ್ಟು, "ನಮ್ಮೂರಾಗ ಬಿಳಿ ಕಲೆಕ್ಟರ ಎಲ್ಲಿಂದ ಬರ್ತಾನ್ರಿ? ನಮ್ಮೂರು, ಶಿರಹಟ್ಟಿ, ಎರಡೂ ಸಂಸ್ಥಾನದಾಗಿದ್ವು. ಬ್ರಿಟಿಷರು ಆಳಿದ್ದು ನಿಮ್ಮ ಗದಗ, ಮುಂಡರಗಿ. ಗುಲಾಮರಿದ್ದವ್ರು ನೀವು, ನಾವಲ್ಲ" ಅಂದಳು. ಮದುವೆಯಾದಾಗಿನಿಂದ ಎಲ್ಲ ಜಗಳಗಳಲ್ಲೂ ಅವಳ ಕೊನೆಯ ಬಾಣ ಇದೇ. "ಟೇಬಲ್ ಮುಂಡರಗಿಯಿಂದ ಬಂದಿರಬೇಕು" ಎಂದೆ. "ತಾನ ನಡಕೋತ ಬಂತೇನು? ನಾಕು ಕಾಲು ಅದಾವಲ್ಲ!" ಎಂದಳು. ನಾನು ಸಿಕ್ಕ ಬಸ್ಸು ಹತ್ತಿದೆ.

ಅಂಗಡಿಗೆ ಹೋಗಿ ಟೇಬಲ್ ನೋಡಿದೆ. ಮದುವೆಯ ಮಂಚದಷ್ಟು ದೊಡ್ಡದು. ಹಸಿರು ಬಟ್ಟೆಯ ಮೇಲೆ ಒಂದು ಕಪ್ಪು ಕಲೆ. "ಸಾಹೇಬ್ರು ಸಹೀ ಮಾಡುವಾಗ ಬಿದ್ದ ಶಾಯಿ ರೀ ಸರ" ಎಂದು ಅಂಗಡಿಯವನು ಹೇಳಿದ. ನಾನು ಚಪ್ಪಲಿ ಬಿಟ್ಟು ಆ ಕಲೆಯನ್ನು ಮುಟ್ಟಿದೆ. ಡ್ರಾವರಿನಲ್ಲಿ ಊದುಬತ್ತಿಯ ಖಾಲಿ ಪೊಟ್ಟಣವೊಂದು ಸಿಕ್ಕಿತು. ಸಾಹೇಬ ದೈವಭಕ್ತನಾಗಿದ್ದಿರಬೇಕು ಎಂದುಕೊಂಡೆ. ಬೆಲೆ ಎಷ್ಟು ಕೊಟ್ಟೆನೆಂದು ಗಿರಿಜಾಳಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ನನ್ನ ಸಂತೋಷ ನೋಡಿ ಅಂಗಡಿಯವನು ಒಂದು ಮುರುಕಲು ಕುರ್ಚಿಯನ್ನು ಪುಕ್ಕಟೆ ಕೊಟ್ಟ.

ಟೆಂಪೊದ ಮುಂದಿನ ಸೀಟಿನ ತುಂಬ ಖಾದರನ ಸಾಮಾನು. ನಾನು ಹಿಂದೆ, ಟೇಬಲ್ಲಿನ ಮುಂದೆ ಆ ಕುರ್ಚಿ ಹಾಕಿಕೊಂಡು ಕುಳಿತೆ. ಎರಡೂ ಕಡೆ ಹತ್ತಿಯ ಹೊಲ, ಕರಿ ಮಣ್ಣು, ಮುಖಕ್ಕೆ ಗಾಳಿ. ಮೊಣಕೈಗಳನ್ನು ಹಸಿರು ಬಟ್ಟೆಯ ಮೇಲೆ ಊರಿದೆ. ಮುಳಗುಂದ ಇನ್ನೇನು ಬಂತು ಎನ್ನುವಾಗ ಬೈಕಿನ ಮೇಲೆ ಹಿಂದೆ ಬರುತ್ತಿದ್ದ ಪಟಕಾದ ಹಿರಿಯರೊಬ್ಬರು ನನ್ನನ್ನು ನೋಡಿ ಕೈ ಎತ್ತಿದರು. ಆಗ ನಾನೇನು ಮಾಡಿದೆ ಗೊತ್ತೆ? ಸಾಹೇಬರ ದರ್ಪದ ವಿರುದ್ಧ ಆರುನೂರು ಪುಟ ಬರೆಯಲು ಹೊರಟವನು, ಗದ್ದ ಸ್ವಲ್ಪ ಮೇಲೆತ್ತಿ, ನಗದೆ, ಎರಡೇ ಬೆರಳು ಅಲುಗಿಸಿದೆ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಎಲ್ಲಿಂದ ಬಂತೋ ತಿಳಿಯದು. ಪಾತ್ರದೊಳಗೆ ಇಳಿಯುತ್ತಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ. ಹಿರಿಯರು ಮತ್ತೆ ಕೈ ಎತ್ತಿದರು, ನಾನು ಮತ್ತೆ ಬೆರಳು ಅಲುಗಿಸಿದೆ. ಮುಳಗುಂದದಲ್ಲಿ ಚಹಾ, ಮಿರ್ಚಿಗೆ ನಿಂತಾಗ ಅವರೂ ಬಂದು ಬೈಕು ನಿಲ್ಲಿಸಿ, "ಏನ್ರೀ ಯಪ್ಪಾ, ಆಗಿಂದ ಕೈ ಮಾಡಾಕತ್ತೀನಿ, ತಿಳೀವಲ್ದೇನು? ಟೇಬಲ್ ಜಾರಾಕತ್ತೈತಿ, ಹಗ್ಗಾ ಕಟ್ರಿ" ಅಂದರು. ಖಾದರ ಮಿರ್ಚಿ ನೆತ್ತಿಗೇರುವಂತೆ ನಕ್ಕ.

ನಮ್ಮದು ಒಂದೇ ಬಾಗಿಲಿನ ಮನೆ. ಹಿಂದೆ ಪಕ್ಕದವರ ಗೋಡೆ. ಓಣಿಯ ಆರು ಜನ ಸೇರಿ ಟೇಬಲ್ ಎತ್ತಿದರು. ಅಡ್ಡ ಮಾಡಿದೆವು, ಉದ್ದ ಮಾಡಿದೆವು, ಮಗ್ಗುಲಾಗಿಸಿದೆವು. ಎರಡು ಕಾಲು ಒಳಗೆ ಹೋದವು, ಮುಂದೆ ಹೋಗಲಿಲ್ಲ. ಎಳೆದರೆ ಹಿಂದಕ್ಕೂ ಬರಲಿಲ್ಲ. ಗಿರಿಜಾ ಒಳಗೆ, ನಾನು ಹೊರಗೆ, ನಡುವೆ ಸಾಹೇಬರ ಟೇಬಲ್ಲು. ಕಾಲುಗಳ ಸಂದಿಯಿಂದ ಅವಳು ಚಹಾ ಕೊಟ್ಟಳು. ಓಣಿಗೆ ಓಣಿಯೇ ನೆರೆಯಿತು. ಶಾಲೆಯ ಹುಡುಗರು "ಭಾರತ ಬಿಟ್ಟು ತೊಲಗಿ" ಎಂದು ಕೂಗತೊಡಗಿದರು. ಗಿರಿಜಾ ಒಳಗಿನಿಂದ, "ಒಳಗ ಬರವಲ್ದು, ಹೊರಗ ಹೋಗವಲ್ದು. ನನ್ನ ಸಂಶೆ ಹೋತು ಬಿಡ್ರಿ. ಇದು ಖರೇನ ಬ್ರಿಟಿಷರದ ಐತಿ" ಎಂದಳು. ಸುದ್ದಿ ತಿಳಿದು ಶಿವಪುತ್ರಪ್ಪ ಸರ್ ಆಟೋದಲ್ಲಿ ಬಂದಿಳಿದರು. ಸನ್ನಿವೇಶದ ಗಾಂಭೀರ್ಯಕ್ಕೆ ತಕ್ಕಂತೆ ಇಂಗ್ಲಿಷಿನಲ್ಲಿ, "ಟು ದ ಲೆಫ್ಟ್! ಟು ದ ಲೆಫ್ಟ್!" ಎಂದು ಆಜ್ಞೆ ಕೊಟ್ಟರು. ಒಳಗೆ ತೂರಿಕೊಂಡಿದ್ದವರು ತಮ್ಮ ಎಡಕ್ಕೆ ನೂಕಿದರು, ಹೊರಗಿದ್ದವರು ತಮ್ಮ ಎಡಕ್ಕೆ. ಟೇಬಲ್ ಇನ್ನೂ ಭದ್ರವಾಯಿತು.

ಕೊನೆಗೆ ಚೌಕಟ್ಟು ಕೀಳುವುದೊಂದೇ ದಾರಿ ಎಂದು ಯಾರೋ ಹಾರೆ ತಂದು ನನ್ನ ಕೈಗೆ ಕೊಟ್ಟರು. "ಸಾಹಿತ್ಯಕ್ಕ ತ್ಯಾಗ ಬೇಕಾಗ್ತದ ಮಾಸ್ತರ" ಅಂದರು ಸರ್. ನಾನು ಹಾರೆಯನ್ನು ಹೊಸ್ತಿಲಿಗೆ ಹಚ್ಚಿಯೂಬಿಟ್ಟೆ. ಆಗ ಒಳಗಿನಿಂದ ಗಿರಿಜಾಳ ದನಿ ಬಂತು. ಜಗಳದ ದನಿಯಲ್ಲ, ಸಣ್ಣ ದನಿ. "ಹೊಸ್ತಲಕ್ಕ ಹಾರಿ ಹಚ್ಚಬ್ಯಾಡ್ರಿ. ನಾ ಸೇರು ಒದ್ದು ಒಳಗ ಬಂದ ಹೊಸ್ತಲ ಅದು. ನಿಮ್ಮವ್ವ ಕಡೀತನಕ ದಿನಾ ಅದಕ್ಕ ಅರಿಶಿಣ ಹಚ್ಚಿದ್ಳು. ಕಲೆಕ್ಟರ ಬಂದಾನಂತ ಅದನ್ನ ಕೀಳ್ತೀರೇನು?" ಎರಡು ಡ್ರಾವರುಗಳ ಸಂದಿಯಲ್ಲಿ ನನಗೆ ಕಂಡದ್ದು ಅವಳ ಕಣ್ಣುಗಳಷ್ಟೇ. ಅವು ತುಂಬಿದ್ದವು. ಒಂದು ಕಡೆ ದೇಶದ ಕಾದಂಬರಿ, ಇನ್ನೊಂದು ಕಡೆ ಆ ಕಣ್ಣು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ತೂಗಿ ನೋಡಿದೆ. ಆಮೇಲೆ ಹಾರೆ ಕೆಳಗಿಟ್ಟು, "ಖಾದರ, ಗರಗಸ ತಾರಲೇ. ಸಾಹೇಬನ ಕಾಲ ಕೊಯ್ಯೂಣು" ಎಂದೆ.

ಗರಗಸ ಆಡತೊಡಗಿದಾಗ ಸರ್ ಮುಖ ತಿರುಗಿಸಿ, "ಅಯ್ಯೋ, ಎಂಥಾ ಕುಶಲದ ಕೆಲಸಾ ಮಾಡಿದ್ರು ರೀ ಆ ಇಂಗ್ಲೀಷರು!" ಎಂದು ಶುದ್ಧ ಕನ್ನಡದಲ್ಲಿ ಮರುಗಿದರು. ಖಾದರ ಗರಗಸದಿಂದ ಉದುರಿದ ಹೊಟ್ಟನ್ನು ಮೂಸಿ, "ಇದು ನಮ್ಮ ದಾಂಡೇಲಿ ಕಡೀ ಸಾಗವಾನಿ ಅನಸ್ತೈತಿ ಸರ. ಲಂಡನ್ನಿಂದ ಏನೂ ಬಂದಿಲ್ಲ" ಎಂದ. ನಾಲ್ಕನೆಯ ಕಾಲು ಬಿದ್ದಾಗ ಎದ್ದ ಜಯಘೋಷವನ್ನು ನಮ್ಮ ಓಣಿ ಸ್ವಾತಂತ್ರ್ಯದ ದಿನವೂ ಕೇಳಿರಲಿಲ್ಲ. ಟೇಬಲ್ ಹೊಟ್ಟೆಯ ಮೇಲೆ ತೆವಳಿಕೊಂಡು ವಿನಯದಿಂದ ಒಳಗೆ ಬಂತು. ಕಾಲುಗಳನ್ನು ಹುಡುಗರು ವಿಕೆಟ್ ಮಾಡಿಕೊಂಡರು. ಆ ಸಂಜೆ ಭಾರತ–ಇಂಗ್ಲೆಂಡ್ ಪಂದ್ಯ ಆಗಬೇಕಿತ್ತು. ಇಂಗ್ಲೆಂಡ್ ಆಗಲು ಯಾರೂ ಒಪ್ಪದೆ ಭಾರತವೇ ಭಾರತದ ಜೊತೆ ಆಡಿತು.

ಈಗ ಟೇಬಲ್ ಮೊಣಕಾಲೆತ್ತರ ಇದೆ. ಅದರ ಮುಂದೆ ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಯೇ ಕೂರಬೇಕು. ಕೂತೆ, ಬರೆದೆ. ಮೊದಲ ಅಧ್ಯಾಯದಲ್ಲಿ ಕಲೆಕ್ಟರ ಬಂದ. ಬಂದವನು ಹೋಗಲೇ ಒಲ್ಲ. ಅವನ ಟೋಪಿ, ಕುದುರೆ, ನೀಲಿ ಕಣ್ಣು, ಮೆಲುದನಿ. ಮೂರು ಪುಟ ಅವನಿಗೇ ಹೋದವು. ನನ್ನ ವೀರನಿಗೆ ಒಂದು ಭಾಷಣವಷ್ಟೇ ಸಿಕ್ಕಿತು. ಗಿರಿಜಾಳಿಗೆ ಓದಿದೆ. ರೊಟ್ಟಿ ಬಡಿಯುತ್ತಲೇ ಕೇಳಿ, "ಸಾಹೇಬ ಚಂದ ಅದಾನ್ರಿ. ನಿಮ್ಮ ವೀರ ಯಾಕ ಬರೇ ಒದರ್ತಾನ? ಅವಗ ಮನಿ ಇಲ್ಲೇನು? ಹೆಂಡ್ತಿ ಇಲ್ಲೇನು? ಉಣ್ಣೂದಿಲ್ಲೇನು?" ಎಂದಳು. ನನಗೆ ಸಿಟ್ಟು ಬಂತು, ಆಮೇಲೆ ಬೆವರು ಬಂತು, ಆಮೇಲೆ ಎಂಥದೋ ಹುರುಪು ಬಂತು. ವೀರನಿಗೆ ಒಂದು ಮನೆ ಕೊಟ್ಟೆ. ಮನೆಗೊಂದು ಬಾಗಿಲು, ಒಳಗೊಬ್ಬ ಸಂಸ್ಥಾನದ ಹೆಂಡತಿ. ಅವಳು ಬಾಯಿ ತೆರೆದದ್ದೇ ತಡ, ಪೆನ್ನು ನನ್ನ ಕೈಯಲ್ಲಿ ನಿಲ್ಲಲಿಲ್ಲ. ಕಲೆಕ್ಟರ ಕಟ್ಟೆಯ ಮೇಲೆ ಕಾಯುತ್ತ ಕೂತ. ಕಾಲು ಜೋಮು ಹಿಡಿದಾಗ ಎದ್ದು ಪಡಸಾಲೆಯಲ್ಲಿ ಕುಂಟುತ್ತ ತಿರುಗಾಡಿ ಮತ್ತೆ ಕೂತೆ. ನನ್ನ ಬರವಣಿಗೆಯ ಬದುಕಿನಲ್ಲೇ ಮೊದಲ ಬಾರಿಗೆ ನಾಯಕನೊಬ್ಬ ಐದನೆಯ ಪುಟಕ್ಕೆ ಜೀವಂತ ಕಾಲಿಟ್ಟ!

ಮುಂದಿನ ರವಿವಾರ ಬಳಗದಲ್ಲಿ ಆ ಅಧ್ಯಾಯ ಓದಿದೆ. ಜನ ನಕ್ಕ ಸದ್ದಿಗೆ ಎಣ್ಣೆ ಅಂಗಡಿಯವರು ಏನಾಯಿತೋ ಎಂದು ಮೇಲೆ ಓಡಿ ಬಂದು ಅಲ್ಲೇ ಕೂತುಬಿಟ್ಟರು. ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಮಾಸ್ತರ, ಇದನ್ನ ನಾ ಇಂಗ್ಲೀಷಿಗೆ ಮಾಡ್ತೀನಿ. ಲಂಡನ್ನಿಗೆ ಕಳಸೂಣು" ಅಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದವನೇ ಕನ್ನಡಿಯ ಮುಂದೆ ನಿಂತು ಕೂದಲು ಬಾಚಿ, "ಥ್ಯಾಂಕ್ಯೂ, ಲೇಡೀಸ್ ಅಂಡ್ ಜಂಟಲ್‌ಮೆನ್" ಎಂದು ತಾಲೀಮು ಶುರು ಮಾಡಿದೆ.

"ಯಾರ ಜೋಡಿ ಮಾತಾಡಾಕತ್ತೀರಿ?" ಎಂದು ಗಿರಿಜಾ ಇಣುಕಿದಳು.

"ಲಂಡನ್ನಿನವರ ಜೋಡಿ."

"ಕನ್ನಡದಾಗ ಹೇಳ್ರಿ. ಬೇಕಾದ್ರ ಅವ್ರ ಕಲೀತಾರ."

ನನ್ನ ಸ್ವಾಭಿಮಾನ ಭುಗಿಲೆಂದಿತು. ಹೌದಲ್ಲ! ನಮ್ಮ ದೇಶ ತಲೆ ಎತ್ತಬೇಕಾದದ್ದೇ ಹೀಗೆ. ಎದೆ ಸೆಟೆಸಿ, "ಧನ್ಯವಾದಗಳು" ಎಂದೆ. ಸಭೆಯ ಕೊನೆಗೆ ವಂದನಾರ್ಪಣೆ ಶುರುವಾಗಿ ಜನ ಚಪ್ಪಲಿ ಹುಡುಕತೊಡಗುತ್ತಾರಲ್ಲ, ಹಾಗೆ ಕೇಳಿಸಿತು. ಯೋಚಿಸಿದರೆ ಆ ಮಾತನ್ನು ನಾನು ಮನೆಯಲ್ಲಿ ಯಾರಿಗೂ, ಯಾವತ್ತೂ ಹೇಳಿದ್ದಿಲ್ಲ. ರೂಢಿಯಾಗಲೆಂದು ಅವಳತ್ತಲೇ ತಿರುಗಿ, "ಗಿರಿಜಾ, ನನ್ನ ಕಾದಂಬರಿಗೆ ಜೀವಾ ಕೊಟ್ಟಾಕಿ ನೀನು. ನಿನಗ ಧನ್ಯವಾದಗಳು" ಎಂದೆ. ಅವಳು ಗಾಬರಿಯಾಗಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರಾ ಇಲ್ಲ" ಎಂದಳು. ಆಮೇಲೆ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಕಾಯಿಪಲ್ಯದಾಕಿ ಬಂದಾಳ, ಹೋಗಿ ಎರಡು ಸಿವುಡು ಮೆಂತೆ ತಗೊಂಡ್ ಬರ್ರಿ" ಎಂದಳು.

ಹೊರಗೆ ಬಂದೆ. ಮೈತುಂಬ ಕನ್ನಡ, ಎದೆತುಂಬ ದೇಶ. ಕಾಯಿಪಲ್ಯದವಳು ಮೆಂತೆಯ ಎರಡು ಸಿವುಡು ಕೊಡವಿ ನನ್ನ ಕೈಗಿಟ್ಟಳು. ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ, ಮನಸಾರೆ ಹೇಳಿದೆ: "ಥ್ಯಾಂಕ್ಯೂ."

"ವೆಲ್‌ಕಮ್ ರೀ ಸರ" ಎಂದು ಬುಟ್ಟಿ ಹೊತ್ತು ಅವಳು ಮುಂದಿನ ಮನೆಗೆ ಹೋದಳು.