ಒಂದು ತೂತು, ಏಳು ಹಕ್ಕಿ

ಗುಮಾಸ್ತರ ಪ್ಯಾಂಟಿನ ಎಡ ಜೇಬಿಗೆ ತೂತು ಬಿದ್ದು ಒಂದು ತಿಂಗಳಾಗಿತ್ತು. ಪಕ್ಕದ ಮನೆಯ ಟೈಲರ್ ದಿನವೂ ‘ನಾಳೆ’ ಎನ್ನುತ್ತಿದ್ದ. ಪಕ್ಕದಲ್ಲೇ ಟೈಲರ್ ಇರುವಾಗ ತಾನೇಕೆ ಸೂಜಿ ಹಿಡಿಯಬೇಕು ಎಂದು ಹೆಂಡತಿ ಸುಮ್ಮನಿದ್ದಳು. ತೂತು ಮಾತ್ರ ಯಾರ ಅಪ್ಪಣೆಗೂ ಕಾಯದೆ ದೊಡ್ಡದಾಗುತ್ತಿತ್ತು.

ಆ ಬೆಳಿಗ್ಗೆ ಗುಮಾಸ್ತರಿಗೆ ತೂತಿನ ಯೋಚನೆ ಇರಲಿಲ್ಲ. ಹನ್ನೊಂದು ಗಂಟೆಗೆ ದೊಡ್ಡ ಸಾಹೇಬರು ಬರುತ್ತಾರೆ, ಬೆಟ್ಟದ ಹಕ್ಕಿಗಳನ್ನು ಖುದ್ದಾಗಿ ನೋಡಬೇಕಂತೆ ಎಂದು ಫೋನು ಬಂದಿತ್ತು.

ಗುಮಾಸ್ತರ ಕೆಲಸ ಒಂದು ಒಣ ಬೆಟ್ಟದ ಬುಡದ ಅರಣ್ಯ ಕಚೇರಿಯಲ್ಲಿ. ವರ್ಷಕ್ಕೊಮ್ಮೆ ಮೇಲಿನವರಿಗೆ ಒಂದು ಫಾರಂ ತುಂಬಿ ಕಳಿಸಬೇಕು. ಅದರಲ್ಲಿ ‘ಬೆಟ್ಟದಲ್ಲಿ ಕಂಡ ವಿಶೇಷ ಪಕ್ಷಿ’ ಎಂದೊಂದು ಕಾಲಂ. ಹಳೆಯ ಫೈಲಿನಲ್ಲಿ ‘ಪಟ್ಟೆತಲೆ ಕಾಳುಗುಬ್ಬಿ – ಏಳು’ ಎಂದಿತ್ತು. ಗುಮಾಸ್ತರು ಅದನ್ನೇ ನೋಡಿ ಬರೆದರು. ಮರುವರ್ಷವೂ ಬರೆದರು. ಆರು ವರ್ಷ ಹೀಗೇ ನಡೆಯಿತು. ಆ ಏಳು ಹಕ್ಕಿಗಳು ಸಾಯಲಿಲ್ಲ, ಮರಿ ಮಾಡಲಿಲ್ಲ, ಜಗಳವಾಡಿ ಬೇರೆ ಬೆಟ್ಟಕ್ಕೂ ಹೋಗಲಿಲ್ಲ. ಗುಮಾಸ್ತರೂ ಅವನ್ನು ನೋಡಲು ಹೋಗಲಿಲ್ಲ. ಅವರ ಮಂಡಿಗೆ ಕಚೇರಿಯ ನಾಲ್ಕು ಮೆಟ್ಟಿಲೇ ಸಾಕಾಗಿತ್ತು.

“ಸುಳ್ಳು ಅಂತ ಗೊತ್ತಾದ್ರೆ ಬೆಟ್ಟದ ಮೇಲಿನ ಗುಡಿಸಲಿಗೆ ಹಾಕ್ತಾರೆ ಕಣೇ,” ಎಂದರು ಹೆಂಡತಿಗೆ. ತುದಿಯ ಕಾವಲು ಗುಡಿಸಲು ಆ ಇಲಾಖೆಯ ಶಿಕ್ಷೆಯ ಜಾಗ. ಹಿಂದೆ ಅಲ್ಲಿಗೆ ಹೋಗಿದ್ದ ಜೀಪಿನ ಡ್ರೈವರ್ ಎರಡು ವರ್ಷದ ಮೇಲೆ ಇಳಿದು ಬಂದಾಗ ಸ್ವಂತ ನಾಯಿಯೇ ಅವನನ್ನು ನೋಡಿ ಬೊಗಳಿತ್ತು.

“ನೋಡ್ದೇ ಇದ್ದದ್ದನ್ನ ಯಾಕ್ರೀ ಬರೆದ್ರಿ?”

“ಕಾಲಂ ಖಾಲಿ ಬಿಟ್ರೆ ಫಾರಂ ವಾಪಸ್ ಬರುತ್ತೆ.”

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಆ ಮನೆಯ ಗೋಡೆಯ ಆಚೆ ಟೈಲರನ ಕಿವಿಯೇ ಇತ್ತು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಅವನು ಒಳಗೆ ಬಂದ. “ಅಣ್ಣ, ಕಾಳುಗುಬ್ಬಿ ಅಂದ್ಮೇಲೆ ಕಾಳಿಗೆ ಬರಲೇಬೇಕು. ಪೊದೆ ಹತ್ರ ನಾಲ್ಕು ಹಿಡಿ ಚೆಲ್ಲಿ. ಯಾವುದೋ ಒಂದು ಬರುತ್ತೆ, ಅದೇ ಅಂತ ತೋರಿಸಿ. ಸಾಹೇಬ್ರೇನು ಅದರ ಜಾತಕ ಕೇಳ್ತಾರಾ?” ಎಂದು ಗುಮಾಸ್ತರ ಹೆಂಡತಿಯಿಂದ ನವಣೆಯ ಡಬ್ಬ ಕೇಳಿ ಪಡೆದು, ತಾನೇ ಅವರ ಎಡ ಜೇಬಿಗೆ ಸುರಿದ. ಹೊಲಿಯಬೇಕಾಗಿದ್ದ ಜೇಬು ಯಾವುದೆಂದು ಅವನಿಗೇ ಮರೆತುಹೋಗಿತ್ತು.

ಕಚೇರಿಗೆ ಹೋಗುವ ದಾರಿಯುದ್ದಕ್ಕೂ ನವಣೆ ಪ್ಯಾಂಟಿನೊಳಗೆ ಇಳಿದು, ಬೂಟಿನ ಮೇಲಿಂದ ಹಾದು ರಸ್ತೆಗೆ ಬೀಳುತ್ತಿತ್ತು. ಹಿಂದೆ ಬೀದಿಯ ಗುಬ್ಬಚ್ಚಿಗಳೆಲ್ಲ ಸಾಲುಗಟ್ಟಿದವು. ಎದುರಾದವರೆಲ್ಲ ನಗುತ್ತಿದ್ದರು. ಇವತ್ತು ತನ್ನ ಗ್ರಹಚಾರ ಎಲ್ಲರಿಗೂ ತಿಳಿದುಬಿಟ್ಟಿದೆ ಎಂದುಕೊಂಡು ಗುಮಾಸ್ತರು ತಲೆ ತಗ್ಗಿಸಿ ನಡೆದರು. ಕಚೇರಿಯಲ್ಲಿ ಹಕ್ಕಿಗಳ ಹಳೇ ಪುಸ್ತಕ ತೆಗೆದು ಒಮ್ಮೆ ಚಿತ್ರ ನೋಡಿದರು. ಬಣ್ಣ ಮಾಸಿ ಹಾಳೆಯೆಲ್ಲ ಒಂದೇ ಆಗಿತ್ತು. ತಲೆಯ ಪಟ್ಟೆ ಯಾವುದು, ಗೆದ್ದಲಿನ ಗೀರು ಯಾವುದು ತಿಳಿಯಲಿಲ್ಲ.

ಸಾಹೇಬರು ಸರಿಯಾದ ಹೊತ್ತಿಗೆ ಬಂದರು. ಮಾತು ಕಡಿಮೆ, ಮುಖ ಬಿಗಿ. ಇಬ್ಬರೂ ಬೆಟ್ಟ ಹತ್ತತೊಡಗಿದರು. ಕಲ್ಲು, ಮುಳ್ಳು, ಮೊಣಕಾಲೆತ್ತರದ ಒಣ ಪೊದೆಗಳು. ಹೆಜ್ಜೆಗೊಮ್ಮೆ ಗುಮಾಸ್ತರ ಮಂಡಿ ‘ಕಟಕ್’ ಎನ್ನುತ್ತಿತ್ತು. ಅರ್ಧ ದಾರಿಯಲ್ಲಿ ಸಾಹೇಬರು ನಿಂತು, ಎಲ್ಲಿ ನಿಮ್ಮ ಹಕ್ಕಿ ಎಂದು ಕೇಳಿದರು. ಗುಮಾಸ್ತರು ಜೇಬಿಗೆ ಕೈ ಹಾಕಿದರು. ಕೈ ನೇರವಾಗಿ ತೊಡೆಗೆ ತಾಗಿತು. ಮುಗಿಯಿತು, ಇನ್ನು ಗುಡಿಸಲೇ ಗತಿ ಎಂದು ನಿಂತಲ್ಲೇ ನಿಂತುಬಿಟ್ಟರು.

ಜೇಬಿನ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಕೊನೆಯ ಹಿಡಿ ನವಣೆ ಆಗ ಸರಸರನೆ ಇಳಿದು ಬೂಟಿನ ಸುತ್ತ ಬಿತ್ತು. ಪೊದೆಯ ಬುಡದಿಂದ ಪುಟ್ಟ ಹಕ್ಕಿಯೊಂದು ಕುಪ್ಪಳಿಸುತ್ತ ಬಂದು ಅವರ ಕಾಲ ಬಳಿಯೇ ಕಾಳು ಹೆಕ್ಕತೊಡಗಿತು. ಕೆಳಗಿನಿಂದ ಬೆನ್ನು ಹತ್ತಿದ ಗುಬ್ಬಚ್ಚಿಯೇ ಇದು, ತನ್ನ ಮಾನ ಕಳೆಯಲು ಬಂದಿದೆ ಎಂದು ಗುಮಾಸ್ತರು “ಹುಶ್” ಎನ್ನಲು ಕೈ ಎತ್ತಿದರು. ಸಾಹೇಬರು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಅಲ್ಲಾಡ್ಬೇಡಿ. ತಲೆ ನೋಡಿ, ಬೂದು ಬಣ್ಣ, ಮೇಲೆ ಕಪ್ಪು ಪಟ್ಟೆ. ಇಟ್ಟಿಗೆ ಬಣ್ಣದ ಹೊಟ್ಟೆ. ಆ ಮೊಂಡು ಕೊಕ್ಕಲ್ಲಿ ಸಿಪ್ಪೆ ಹೆಂಗೆ ಬಿಡಿಸಿ ಉಗುಳ್ತಿದೆ ನೋಡಿ.”

ಕಾಳು ಮುಗಿಸಿ ಹಕ್ಕಿ ಪೊದೆಯ ತುದಿಗೆ ಹಾರಿ ಕೂತು, ಕತ್ತೆತ್ತಿ ಸಣ್ಣಗೆ ಹಾಡಿತು. ಸಾಹೇಬರು ಬಾಯಿ ತೆರೆದು ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, “ಅಂದ್ರೆ ಇದು ನಿಜವಾಗ್ಲೂ ಇದೆಯೇನ್ರೀ?” ಎಂದರು.

ಗುಮಾಸ್ತರಿಗೆ ಅರ್ಥವಾಗಲಿಲ್ಲ. ಸಾಹೇಬರು ಒಂದು ಬಂಡೆಯ ಮೇಲೆ ಕೂತು ಬೆವರು ಒರೆಸಿಕೊಂಡು ಎಲ್ಲ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ ಅದೇ ಕಚೇರಿಯಲ್ಲಿ, ಅದೇ ಕುರ್ಚಿಯಲ್ಲಿ ಅವರೂ ಗುಮಾಸ್ತರಾಗಿದ್ದರು. ಕಾಲಂ ಖಾಲಿ ಬಿಡಬಾರದೆಂದು ಆ ಹಳೇ ಪುಸ್ತಕ ತೆರೆದು, ಮೊದಲು ಕಣ್ಣಿಗೆ ಬಿದ್ದ ಹಕ್ಕಿಯ ಹೆಸರು ಬರೆದಿದ್ದರು. ಏಳು ಎಂದು ಬರೆದದ್ದೂ ಅವರೇ. ಇಷ್ಟು ವರ್ಷ ಏಳು ಏಳಾಗಿಯೇ ಉಳಿದದ್ದು ಹೇಗೆ ಎಂದು ಈಗ ರಾಜಧಾನಿಯಿಂದ ಪತ್ರ ಬಂದು, ಮೂರು ದಿನದಿಂದ ಅವರಿಗೆ ನಿದ್ದೆ ಇರಲಿಲ್ಲವಂತೆ.

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಸಂತೋಷಕ್ಕೆ ತಾವೂ ಒಪ್ಪಿಕೊಂಡರು, “ನಾನೂ ನಿಮ್ದನ್ನೇ ನೋಡಿ ಬರೆದದ್ದು ಸಾರ್.” ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಇಳಿಯುವಾಗ ಸಾಹೇಬರು ಅವರ ಹೆಗಲ ಮೇಲೆ ಕೈ ಹಾಕಿದ್ದರು. ಆರು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದು ಗುಮಾಸ್ತರ ಮಂಡಿ ಕೂಡ ಸುಮ್ಮನಾಗಿತ್ತು.

ಜೀಪು ಹತ್ತುವ ಮುಂಚೆ ಸಾಹೇಬರು ಅಲ್ಲೇ ಒಂದು ಆದೇಶ ಬರೆದು ಸಹಿ ಹಾಕಿದರು.

“ಒಂದು ಸಿಕ್ತು, ಸಂತೋಷ. ಆದ್ರೆ ದಾಖಲೆಯಲ್ಲಿ ಏಳಿದೆ. ಉಳಿದ ಆರು ಸಿಗೋವರೆಗೂ ನೀವು ಮೇಲಿನ ಗುಡಿಸಲಲ್ಲೇ ಇರಿ. ನಿಮ್ಮ ಕಾಲ ಹತ್ರ ಬಂದ ಹಾಗೆ ಅದು ಬೇರೆ ಯಾರ ಹತ್ರ ಬರುತ್ತೆ ಹೇಳಿ?”

ಸಂಜೆ ಹೆಂಡತಿ ಹಾಸಿಗೆ ಸುತ್ತಿ ಕಟ್ಟುತ್ತಿದ್ದಳು. ಟೈಲರ್ ನಾಚಿಕೊಂಡು, ಮಡಿಸಿದ ಪ್ಯಾಂಟು ತಂದು ಕೊಟ್ಟ. ಜೇಬಿಗೆ ಡಬಲ್ ಹೊಲಿಗೆ ಹಾಕಿದ್ದ.

ಗುಮಾಸ್ತರು ಜೇಬಿನೊಳಗೆ ಬೆರಳಾಡಿಸಿ ನೋಡಿ, ಪ್ಯಾಂಟನ್ನು ಅವನ ಕೈಗೇ ವಾಪಸ್ ಕೊಟ್ಟರು.

“ಬಿಚ್ಚಪ್ಪ,” ಎಂದರು. “ಇನ್ನೂ ಆರು ಬರಬೇಕು.”